ಕಾರ್ಖಾನೆಯ ಗಂಟೆಗಳನ್ನು ‘ಫ್ರೆಡ್’ ತಾಣದಲ್ಲಿ ಓದುವುದು: ಒಂದು ವಿಮರ್ಶೆ

ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ 1991ರಿಂದ ನಡೆಸುತ್ತಿರುವ ‘ಫ್ರೆಡ್’ ಎಂಬ ಉಚಿತ ದತ್ತಾಂಶ ಸೇವೆಯಲ್ಲಿ ಈಗ 8 ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ, ಅಂದರೆ ಅಲ್ಲಿನ ತಯಾರಿಕಾ ವಲಯದ ಸರಾಸರಿ ವಾರದ ಕೆಲಸದ ಗಂಟೆಗಳ ಸರಣಿಯನ್ನು, ಮುಂದಿಟ್ಟುಕೊಂಡು ಈ ಸೇವೆಯನ್ನು ಪರಿಶೀಲಿಸಿದ್ದೇನೆ.

ಬೇಡಿಕೆ ಕುಗ್ಗುವ ಸುಳಿವು ಸಿಕ್ಕಾಗ, ಕೆಲಸ ಕಲಿಸಿ ಪಳಗಿಸಿದ ಆಳನ್ನು ಯಾವ ಕಾರ್ಖಾನೆಯೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೊದಲು ಓವರ್‌ಟೈಮ್ ನಿಲ್ಲುತ್ತದೆ, ಆಮೇಲೆ ಪಾಳಿ ಮೊಟಕಾಗುತ್ತದೆ, ನೌಕರಿಗೆ ಕತ್ತರಿ ಬೀಳುವುದು ಕಡೆಗೆ. ಚೇತರಿಕೆಯಲ್ಲಿಯೂ ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಇರುವವರಿಂದಲೇ ಹೆಚ್ಚು ಹೊತ್ತು ದುಡಿಸುತ್ತಾರೆ. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಕೊಡಿಸುವ 1938ರ ಕಾನೂನು ಅಲ್ಲಿರುವುದರಿಂದ ಓವರ್‌ಟೈಮ್ ಕಡಿತವೇ ಮಾಲೀಕರಿಗೆ ಕೈಗೆಟಕುವ ಮೊದಲ ಉಳಿತಾಯ. ಕಾನ್ಫರೆನ್ಸ್ ಬೋರ್ಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಪ್ರಕಟಿಸುವ, ಆರ್ಥಿಕತೆಯ ಮುಂದಿನ ದಿಕ್ಕನ್ನು ಸೂಚಿಸುವ ಮುನ್ಸೂಚಕ ಸೂಚ್ಯಂಕದ ಹತ್ತು ಅಂಶಗಳಲ್ಲಿ ಈ ಗಂಟೆಗಳಿಗೂ ಸ್ಥಾನ ದೊರೆತಿರುವುದು ಈ ಕಾರಣಕ್ಕೆ.

ಫ್ರೆಡ್‌ನಲ್ಲಿ ಹುಡುಕಿದರೆ ಹೆಸರು ಹೆಚ್ಚುಕಡಿಮೆ ಒಂದೇ ಆಗಿರುವ ಎರಡು ಸರಣಿಗಳು ಸಿಗುತ್ತವೆ. ಒಂದು ಉತ್ಪಾದನೆಯಲ್ಲಿ ನೇರವಾಗಿ ತೊಡಗಿದ ಕಾರ್ಮಿಕರದ್ದು, 1939ರಿಂದ ಲಭ್ಯ. ಇನ್ನೊಂದು ಕಚೇರಿ ಸಿಬ್ಬಂದಿಯೂ ಸೇರಿದಂತೆ ಎಲ್ಲ ನೌಕರರದ್ದು, 2006ರಿಂದ ಮಾತ್ರ. ಆರ್ಥಿಕ ಹಿಂಜರಿತಗಳ ಚರಿತ್ರೆ ನೋಡಬೇಕಾದವರು ಮೊದಲನೆಯದನ್ನೇ ತೆರೆಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ 45 ಗಂಟೆ ದಾಟಿದ ಏರು, 2009ರ ಇಳಿತ, 2020ರ ಏಪ್ರಿಲ್‌ನ ಪ್ರಪಾತ ಎಲ್ಲವೂ ಒಂದೇ ಗೆರೆಯಲ್ಲಿ ಕಾಣುತ್ತವೆ. ಅದೇ ಚಿತ್ರದ ಮೇಲೆ ಓವರ್‌ಟೈಮ್ ಗಂಟೆಗಳ ಸರಣಿಯನ್ನೂ ಕೂಡಿಸಿ ನೋಡಬಹುದು. ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿ. ಲಾಗಿನ್ ಬೇಡ, ಹಣ ಬೇಡ, ಎಕ್ಸೆಲ್ ಕಡತ ಒಂದು ಕ್ಲಿಕ್‌ಗೆ ಇಳಿಯುತ್ತದೆ.

ಆಕ್ಷೇಪ ಇರುವುದು ಚಿತ್ರವು ಓದುಗನನ್ನು ಮರುಳು ಮಾಡುವ ಬಗೆಗೆ. ಹಿಂಜರಿತದ ಅವಧಿಗಳಿಗೆ ಬಳಿದ ಬೂದು ಪಟ್ಟಿಗಳ ಹೊಸ್ತಿಲಲ್ಲಿ ಗೆರೆ ಬಾಗಿರುವುದನ್ನು ಕಂಡಾಗ ಎಲ್ಲವೂ ಮೊದಲೇ ಗೊತ್ತಿತ್ತೆನ್ನಿಸುತ್ತದೆ. ಆದರೆ ಆ ಪಟ್ಟಿಗಳು ಬೀಳುವುದೇ ತಡವಾಗಿ. 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತವನ್ನು ಅಧಿಕೃತವಾಗಿ ಘೋಷಿಸಿದ್ದು 2008ರ ಡಿಸೆಂಬರ್ 1ರಂದು. ಇನ್ನು ಲಂಬ ಅಕ್ಷ ಸೊನ್ನೆಯಿಂದ ಆರಂಭವಾಗುವುದಿಲ್ಲವಾದ್ದರಿಂದ 0.2 ಗಂಟೆಯ ಇಳಿಕೆಯೂ ಕಮರಿಯಂತೆ ಕಾಣುತ್ತದೆ. ಹಾಗೆಂದು ದಶಮಾಂಶವನ್ನು ಕಡೆಗಣಿಸುವಂತೆಯೂ ಇಲ್ಲ: ಸುಮಾರು 1.27 ಕೋಟಿ ಜನ ದುಡಿಯುವ ವಲಯದಲ್ಲಿ ವಾರಕ್ಕೆ 0.1 ಗಂಟೆ ತಗ್ಗಿದರೆ ಅದು 30 ಸಾವಿರಕ್ಕೂ ಹೆಚ್ಚು ಜನರ ದುಡಿಮೆ ಕಳೆದುಹೋದುದಕ್ಕೆ ಸಮ. ಯಾವ ದಶಮಾಂಶ ಬೇಡಿಕೆಯದ್ದು, ಯಾವುದು ಹವಾಮಾನದ್ದು ಎಂಬುದನ್ನು ಗೆರೆ ಹೇಳುವುದಿಲ್ಲ. ಈ ಗಂಟೆಗಳನ್ನು ಕಲೆಹಾಕುವ ಸರ್ಕಾರಿ ಸಮೀಕ್ಷೆ ಲೆಕ್ಕ ಹಿಡಿಯುವುದು ತಿಂಗಳ 12ನೇ ತಾರೀಖು ಬರುವ ವೇತನಾವಧಿಯನ್ನು. 1996ರ ಜನವರಿಯಲ್ಲಿ ಪೂರ್ವ ಕರಾವಳಿಯ ಹಿಮಬಿರುಗಾಳಿ ಅದೇ ಹೊತ್ತಿಗೆ ಬಂದೆರಗಿದ್ದರಿಂದ ಗಂಟೆಗಳು ಥಟ್ಟನೆ ಕುಸಿದು, ಆಮೇಲೆ ಅಷ್ಟೇ ಬೇಗ ಎದ್ದವು. 2022ರ ನಂತರವಂತೂ ಗಂಟೆಗಳೂ ಇಳಿದವು, ಮುನ್ಸೂಚಕ ಸೂಚ್ಯಂಕವೂ ಇಳಿಯುತ್ತಲೇ ಹೋಯಿತು, ಹಿಂಜರಿತ ಮಾತ್ರ ಬರಲಿಲ್ಲ. ಒಟ್ಟು ಉದ್ಯೋಗದಲ್ಲಿ ಕಾರ್ಖಾನೆಗಳ ಪಾಲು ನೂರಕ್ಕೆ ಎಂಟರಷ್ಟಾಗಿರುವಾಗ ಆ ಗೆರೆಯಿಂದ ಇಡೀ ದೇಶದ ಭವಿಷ್ಯ ಕೇಳುವುದೇ ತುಸು ಅತಿಯಾಸೆ.

ಮೊದಲು ಪ್ರಕಟವಾದ ಅಂಕಿ ಮುಂದಿನ ಎರಡು ತಿಂಗಳೂ ಪರಿಷ್ಕರಣೆಗೆ ಒಳಗಾಗುತ್ತದೆ, ಮುಖ್ಯ ಪುಟದಲ್ಲಿ ಉಳಿಯುವುದು ತಿದ್ದಿದ ಅಂಕಿ. ಅಂದು ಕಂಡದ್ದು ಏನು ಎಂದು ತಿಳಿಯಬೇಕಾದರೆ ಇದರ ಸೋದರ ತಾಣ ‘ಆಲ್ಫ್ರೆಡ್’ಗೆ ಹೋಗಬೇಕು. ಈ ಸೂಚಕವನ್ನು ಗಂಭೀರವಾಗಿ ಬಳಸುವವರಿಗೆ ಅದು ಐಚ್ಛಿಕವಲ್ಲ.

ಪೀಣ್ಯದ ಕಾರ್ಖಾನೆಗಳನ್ನು ಇದೇ ಅಳತೆಯಿಂದ ಅಳೆಯಲು ಹೊರಡುವ ನಮ್ಮ ಓದುಗರು ಒಂದನ್ನು ಗಮನಿಸಬೇಕು. ಅಮೆರಿಕದ ಅಂಕಿ ಕಾರ್ಖಾನೆಯ ವೇತನಪಟ್ಟಿಯಿಂದ ಬಂದದ್ದು, ಸಂಬಳ ಸಹಿತ ರಜೆಯೂ ಅದರಲ್ಲಿ ಸೇರಿರುತ್ತದೆ. ನಮ್ಮ ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕ ಬಲದ ಸರ್ಕಾರಿ ಸಮೀಕ್ಷೆ ಮನೆಮನೆಗೆ ಹೋಗಿ ನಿಜವಾಗಿ ದುಡಿದ ಗಂಟೆಗಳನ್ನು ಕೇಳುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಎಳೆದು ಹೋಲಿಸುವಂತಿಲ್ಲ.