ಎಂಟನೇ ತರಗತಿಯಲ್ಲಿ ಎನ್‌ಸಿಸಿಗೆ ಸೇರಿಸಬಹುದೇ? ದಾವಣಗೆರೆಯ ಪೋಷಕರೊಬ್ಬರ ವಿಮರ್ಶೆ

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾದ ಕೆಲವೇ ವಾರಗಳಲ್ಲಿ, ಎನ್‌ಸಿಸಿ (ನ್ಯಾಷನಲ್ ಕೆಡೆಟ್ ಕೋರ್, ಅಂದರೆ ವಿದ್ಯಾರ್ಥಿಗಳಿಗೆ ಸೈನಿಕ ಶಿಸ್ತಿನ ತರಬೇತಿ ಕೊಡುವ ದಳ) ಘಟಕವಿರುವ ಪ್ರೌಢಶಾಲೆಗಳ ಎಂಟನೇ ತರಗತಿಯ ಮಕ್ಕಳು ಒಂದು ಅರ್ಜಿಯನ್ನು ಮನೆಗೆ ತರುತ್ತಾರೆ. ಅದಕ್ಕೆ ಸಹಿ ಹಾಕಬೇಕೇ, ಓದಿಗೆ ತೊಂದರೆಯಾದೀತೇ, ಹೆಣ್ಣುಮಗುವನ್ನು ಶಿಬಿರಕ್ಕೆ ಕಳುಹಿಸುವುದು ಹೇಗೆ ಎಂಬ ಚರ್ಚೆ ಆಗ ಮನೆಮನೆಯಲ್ಲೂ ನಡೆಯುತ್ತದೆ. ನನ್ನ ಮಗಳು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿ ಜೂನಿಯರ್ ವಿಂಗ್ ಕೆಡೆಟ್, ಅಂದರೆ ಎನ್‌ಸಿಸಿಯ ಶಾಲಾ ವಿಭಾಗದ ವಿದ್ಯಾರ್ಥಿನಿ, ಆಗಿದ್ದು, ಆ ಹಂತದ ಕೊನೆಗೆ ನಡೆಯುವ ‘ಎ’ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಉತ್ತೀರ್ಣಳಾದಳು. ಆ ಎರಡು ವರ್ಷಗಳ ತರಬೇತಿಯನ್ನು ಹತ್ತಿರದಿಂದ ಕಂಡವನಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳನ್ನು ಖಂಡಿತವಾಗಿ ಸೇರಿಸಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಶಾಲೆಯಲ್ಲಿ ವಾರದ ಪರೇಡ್ ತಪ್ಪದೆ ನಡೆಯುತ್ತದೆಯೇ ಎಂಬುದನ್ನು ವಿಚಾರಿಸಿಕೊಂಡ ಮೇಲೆಯೇ ಸಹಿ ಹಾಕಿರಿ, ಏಕೆಂದರೆ ಈ ತರಬೇತಿಯ ಗುಣಮಟ್ಟವೆಲ್ಲ ಆ ಒಂದು ಸಂಗತಿಯ ಮೇಲೆ ನಿಂತಿದೆ.

ಎನ್‌ಸಿಸಿಗೆ ಸೇರಿದರೆ ಮುಂದೆ ಕಡ್ಡಾಯವಾಗಿ ಸೈನ್ಯಕ್ಕೆ ಹೋಗಬೇಕಾಗುತ್ತದೆ ಎಂಬ ಭಯ ನಮ್ಮ ಕಡೆ ಇನ್ನೂ ಕೆಲವರಲ್ಲಿದೆ. ಪಂಡಿತ ಹೃದಯನಾಥ ಕುಂಜ್ರು ಅವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 1948ರ ಕಾಯ್ದೆಯ ಮೂಲಕ ಈ ದಳ ಸ್ಥಾಪನೆಯಾಯಿತು; ಹೆಣ್ಣುಮಕ್ಕಳ ವಿಭಾಗ ಮರುವರ್ಷವೇ ಆರಂಭವಾಯಿತು. ಕೆಡೆಟ್ ಆದ ಮಾತ್ರಕ್ಕೆ ಯಾರೂ ಸೈನ್ಯದ ಸಕ್ರಿಯ ಸೇವೆಗೆ ಬಾಧ್ಯರಾಗುವುದಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ. ಶಾಲಾ ಹಂತದಲ್ಲಿ ಗಂಡುಮಕ್ಕಳದು ಜೂನಿಯರ್ ಡಿವಿಷನ್, ಹೆಣ್ಣುಮಕ್ಕಳದು ಜೂನಿಯರ್ ವಿಂಗ್. ಇಬ್ಬರಿಗೂ ತರಬೇತಿಯ ಅವಧಿ ಎರಡು ವರ್ಷ. ಎಂಟರಲ್ಲಿ ಸೇರಿದ ಮಗು ಒಂಬತ್ತರ ಕೊನೆಗೆ ಪರೀಕ್ಷೆ ಬರೆದು ಮುಗಿಸುವುದರಿಂದ ಎಸ್‌ಎಸ್‌ಎಲ್‌ಸಿ ವರ್ಷ ಪೂರ್ತಿ ಓದಿಗೇ ಉಳಿಯುತ್ತದೆ. ಅಂಕಗಳ ಚಿಂತೆಯಿಂದ ಹಿಂಜರಿಯುವ ಪೋಷಕರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ತರಬೇತಿಯ ತಿರುಳು ಡ್ರಿಲ್. ಹೊರಗಿನಿಂದ ನೋಡುವವರಿಗೆ ಅದು ಬಿಸಿಲಿನಲ್ಲಿ ಕೈಕಾಲು ಬೀಸುವ ಕೆಲಸದಂತೆ ಕಾಣಬಹುದು. ಆದರೆ ಮೈದಾನದ ಅಂಚಿನಲ್ಲಿ ನಿಂತು ಒಂದು ತಾಸು ಗಮನಿಸಿದವರಿಗೆ ಅದರಲ್ಲಿರುವ ಸೂಕ್ಷ್ಮ ತಿಳಿಯುತ್ತದೆ. ‘ಸಾವಧಾನ್’ (ನೆಟ್ಟಗೆ ನಿಲ್ಲು) ಎಂದಾಗ ಹಿಮ್ಮಡಿಗಳು ಕೂಡಬೇಕು, ಮುಷ್ಟಿ ಪ್ಯಾಂಟಿನ ಹೊಲಿಗೆಗೆ ತಾಗಿರಬೇಕು, ಕಣ್ಣು ಮುಂದಿರಬೇಕು. ‘ದಾಹಿನೆ ಮುಡ್’ (ಬಲಕ್ಕೆ ತಿರುಗು) ಎಂಬ ಆಜ್ಞೆಯ ಕೊನೆಯ ಅಕ್ಷರ ಬೀಳುವವರೆಗೆ ಯಾರೂ ಕದಲಬಾರದು. ಆಜ್ಞೆಯ ಮೊದಲ ಭಾಗ ಎಚ್ಚರಿಕೆ, ಎರಡನೆಯ ಭಾಗ ಕ್ರಿಯೆ. ಈ ನಡುವಿನ ಅರೆಕ್ಷಣ ಕಾಯುವುದನ್ನು ಕಲಿಯಲು ಹದಿಮೂರು ವರ್ಷದ ಮಕ್ಕಳಿಗೆ ತಿಂಗಳುಗಳೇ ಬೇಕಾಗುತ್ತವೆ. ಆಜ್ಞೆಗಳೆಲ್ಲ ಹಿಂದಿಯಲ್ಲಿರುವುದರಿಂದ ಕನ್ನಡ ಮಾಧ್ಯಮದ ಮಕ್ಕಳು ಮೊದಮೊದಲು ಪಕ್ಕದವರನ್ನು ನೋಡಿ ತಿರುಗುತ್ತಾರೆ. ಬೆಟಾಲಿಯನ್‌ನಿಂದ ಬರುವ ಹವಾಲ್ದಾರರು, ಅಂದರೆ ಮಕ್ಕಳು ‘ಉಸ್ತಾದ್’ ಎಂದು ಕರೆಯುವ ಸೇನೆಯ ಬೋಧಕರು, ಹಾಗೆ ನೋಡಿ ತಿರುಗಿದವರನ್ನೇ ಹೊರಗೆ ಕರೆದು ಇಡೀ ಸಾಲಿಗೆ ಆಜ್ಞೆ ಕೊಡಲು ಹೇಳುತ್ತಿದ್ದರು. ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ತಲೆತಗ್ಗಿಸಿ ಕೂರುತ್ತಿದ್ದ ನನ್ನ ಮಗಳು, ಎರಡನೇ ವರ್ಷದಲ್ಲಿ ಮೈದಾನದ ಆ ತುದಿಗೆ ಕೇಳುವಂತೆ ‘ಪೀಛೆ ಮುಡ್’ (ಹಿಂದಕ್ಕೆ ತಿರುಗು) ಎನ್ನುವುದನ್ನು ನಾನು ಕಂಡಿದ್ದೇನೆ. ಕೂಗಾಡುವುದಕ್ಕೂ ಆಜ್ಞೆ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಬೇರೆ ಯಾವ ಪಠ್ಯೇತರ ಚಟುವಟಿಕೆಯೂ ಅವಳಿಗೆ ಇಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ.

ಇಷ್ಟೆಲ್ಲ ಸಾಧ್ಯವಾಗುವುದು ಶಾಲೆಯಲ್ಲಿ ಎನ್‌ಸಿಸಿಯನ್ನು ನೋಡಿಕೊಳ್ಳುವ ಶಿಕ್ಷಕರಿಂದ. ಅಸೋಸಿಯೇಟ್ ಎನ್‌ಸಿಸಿ ಆಫೀಸರ್ ಎಂಬ ಹುದ್ದೆ ಹೊತ್ತ ಇವರು ತಮ್ಮ ವಿಷಯದ ಪಾಠ, ಮೌಲ್ಯಮಾಪನ, ಸರ್ಕಾರದ ಇತರ ಕೆಲಸಗಳ ಜೊತೆಗೆ ಪರೇಡ್, ಹಾಜರಿ ಪುಸ್ತಕ, ಸಾಮಗ್ರಿಯ ಲೆಕ್ಕ, ಶಿಬಿರದ ಪಟ್ಟಿ ಎಲ್ಲವನ್ನೂ ನಿಭಾಯಿಸಬೇಕು. ನಮ್ಮ ಮಗಳ ಮೊದಲ ವರ್ಷದಲ್ಲಿ ಈ ಹೊಣೆ ಹೊತ್ತಿದ್ದ ಮೇಡಂ ಇದ್ದಷ್ಟು ಕಾಲ ಪರೇಡ್ ಗಡಿಯಾರದಂತೆ ನಡೆಯಿತು. ಎರಡನೇ ವರ್ಷದ ನಡುವೆ ಅವರಿಗೆ ವರ್ಗವಾಯಿತು. ಆ ಮೇಲೆ ಕೆಲವು ತಿಂಗಳು ಮೈದಾನ ಖಾಲಿ ಬಿದ್ದಿತ್ತು. ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು 75 ಶೇಕಡ ಹಾಜರಿ ಬೇಕು ಎಂಬುದು ಮಕ್ಕಳಿಗೆ ಗೊತ್ತಿತ್ತು, ಆದರೆ ಪರೇಡ್ ನಡೆಯದಿದ್ದರೆ ಅವರೇನು ಮಾಡಬೇಕು? ಪೋಷಕರು ಒಟ್ಟಾಗಿ ಹೋಗಿ ಕೇಳಿದ ನಂತರವೇ ಬೇರೊಬ್ಬ ಶಿಕ್ಷಕರಿಗೆ ಜವಾಬ್ದಾರಿ ವಹಿಸಲಾಯಿತು. ಕಲಿಯುವ ಹಂಬಲವಿದ್ದ ಮಕ್ಕಳನ್ನು ಅಷ್ಟು ದಿನ ಸುಮ್ಮನೆ ಕೂರಿಸಿದ್ದು ನನಗೆ ಇಂದಿಗೂ ಬೇಸರದ ಸಂಗತಿಯಾಗಿ ಉಳಿದಿದೆ. ಆದ್ದರಿಂದ ಸೇರಿಸುವ ಮುನ್ನ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಪಾರಿತೋಷಕಗಳನ್ನು ನೋಡಿ ತೃಪ್ತರಾಗಬೇಡಿ. ಕಳೆದ ವರ್ಷದ ಒಂಬತ್ತನೇ ತರಗತಿಯ ಕೆಡೆಟ್‌ಗಳನ್ನು ಮಾತನಾಡಿಸಿರಿ.

ಇನ್ನು ವಾರ್ಷಿಕ ತರಬೇತಿ ಶಿಬಿರ. ಸಾಮಾನ್ಯವಾಗಿ ಹತ್ತು ದಿನ ನಡೆಯುವ ಈ ಶಿಬಿರಕ್ಕೆ ಬೇರೆಬೇರೆ ಶಾಲೆ, ಕಾಲೇಜುಗಳ ನೂರಾರು ಕೆಡೆಟ್‌ಗಳು ಬರುತ್ತಾರೆ. ಬೆಳಕು ಹರಿಯುವ ಮುನ್ನ ಎದ್ದು ಹಾಸಿಗೆ ಮಡಚಿಟ್ಟು ಫಾಲ್‌ಇನ್‌ಗೆ, ಅಂದರೆ ಸಾಲುಗೂಡಿ, ನಿಲ್ಲಬೇಕು. ನಂತರ ವ್ಯಾಯಾಮ, ಡ್ರಿಲ್, ಶಸ್ತ್ರ ತರಬೇತಿ, ನಕ್ಷೆ ಓದುವುದು, ಆರೋಗ್ಯ ಮತ್ತು ನೈರ್ಮಲ್ಯದ ಪಾಠ, ಸಂಜೆ ಆಟ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ತಿಂದ ತಟ್ಟೆಯನ್ನು ತಾನೇ ತೊಳೆಯಬೇಕು, ತಮ್ಮ ಕಂಪನಿಗೆ, ಅಂದರೆ ಶಿಬಿರದ ತಂಡಕ್ಕೆ, ಕೊಟ್ಟ ಜಾಗವನ್ನು ಗುಡಿಸಿ ಅಚ್ಚುಕಟ್ಟಾಗಿಡಬೇಕು. ಮನೆಯಲ್ಲಿ ಒಂದು ಲೋಟ ಎತ್ತಿಡದ ಮಕ್ಕಳು ಇದನ್ನೆಲ್ಲ ಮಾಡುತ್ತಾರೆ, ಅದೂ ಗೊಣಗದೆ, ಏಕೆಂದರೆ ಪಕ್ಕದಲ್ಲಿರುವ ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ. ವಿದ್ಯಾನಗರದ ಡಾಕ್ಟರ ಮಗಳೂ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಗಳೂ ಒಂದೇ ಜಮಖಾನೆಯ ಮೇಲೆ ಮಲಗಿ, ಒಂದೇ ಡಬ್ಬಿಯ ಬೂಟ್ ಪಾಲಿಶ್ ಹಂಚಿಕೊಂಡಿದ್ದನ್ನು ಮಗಳ ಬಾಯಿಂದ ಕೇಳಿದಾಗ ನನಗಾದ ಸಂತೋಷ ದೊಡ್ಡದು. ದಾವಣಗೆರೆಯಲ್ಲಿ ಈಗ ಆ ಇಬ್ಬರು ಮಕ್ಕಳೂ ಓದುವ ಶಾಲೆಗಳು ಬೇರೆ, ಆಡುವ ಜಾಗಗಳೂ ಬೇರೆ.

ಶಿಬಿರದ ಒಂದು ದಿನ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಚಾರಣ ಕರೆದೊಯ್ದಿದ್ದರು. ಆ ಕೋಟೆಯನ್ನು ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ನೋಡಿಯೇ ಇರುತ್ತಾರೆ. ಆದರೆ ಅಂದು ಅದನ್ನು ತೋರಿಸಿದವರು ಸೇನೆಯ ಸುಬೇದಾರರು. ಬಾಗಿಲಿನಿಂದ ಬಾಗಿಲಿಗೆ ದಾರಿ ಏಕೆ ನೇರವಾಗಿಲ್ಲ, ತಿರುವಿನಲ್ಲಿ ಆನೆಯೂ ಗುಂಪಾಗಿ ಬರುವ ಸೈನಿಕರೂ ಏಕೆ ವೇಗ ಕಳೆದುಕೊಳ್ಳುತ್ತಾರೆ, ಬಂಡೆಯ ಮರೆಯಲ್ಲಿ ನಿಂತ ಕಾವಲುಗಾರನಿಗೆ ಎಷ್ಟು ನೆಲ ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ಅವರು ಒಂದೊಂದಾಗಿ ವಿವರಿಸಿದರಂತೆ. ಓಬವ್ವನ ಕಿಂಡಿಯ ಬಳಿ ಹುಡುಗಿಯರೇ ಉಸ್ತಾದರಿಗೆ ಕಥೆ ಹೇಳಿದರು: ಹೈದರಾಲಿಯ ಸೈನಿಕರು ನುಸುಳಿದ್ದು, ಗಂಡ ಊಟಕ್ಕೆ ಕೂತಿದ್ದು, ಒನಕೆ ಕೈಗೆ ಬಂದದ್ದು. ಹೊರ ರಾಜ್ಯದ ಆ ಸೈನಿಕರು ಆ ಕಥೆಯನ್ನು ಕೇಳಿದ್ದು ಅದೇ ಮೊದಲಂತೆ. ಪುಸ್ತಕದ ಪಾಠವನ್ನು ಸ್ಥಳೀಯ ನೆಲದೊಂದಿಗೆ ಹೀಗೆ ಜೋಡಿಸುವ ತರಬೇತಿ ಹೆಚ್ಚಾಗಬೇಕು.

ಶಿಬಿರದ ಕೊರತೆಗಳನ್ನೂ ಹೇಳಬೇಕು. ಶೌಚಾಲಯಗಳ ಸಂಖ್ಯೆ ಮಕ್ಕಳ ಸಂಖ್ಯೆಗೆ ಸಾಕಾಗುತ್ತಿರಲಿಲ್ಲ. ಹೆಣ್ಣುಮಕ್ಕಳು ನಸುಕಿನಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಸಾಲು ಹಿಡಿಯಬೇಕಾಗಿತ್ತು. ಹೊಸ ಬೂಟಿನಿಂದ ಹಿಮ್ಮಡಿಯಲ್ಲಿ ಬೊಬ್ಬೆ ಬಂದವರು ಬಹಳ. ಬೂಟನ್ನು ಶಿಬಿರಕ್ಕೆ ಕನಿಷ್ಠ ಒಂದು ತಿಂಗಳ ಮುಂಚೆ ತೊಡಿಸಿ ಅಭ್ಯಾಸ ಮಾಡಿಸಿರಿ, ದಪ್ಪ ಹತ್ತಿಯ ಕಾಲುಚೀಲ ಕೊಡಿರಿ. ಮುಟ್ಟಿನ ದಿನಗಳಿಗೆ ಬೇಕಾದುದನ್ನು ಹೆಚ್ಚಾಗಿಯೇ ಕಟ್ಟಿ ಕಳುಹಿಸಿರಿ. ಹುಡುಗಿಯರ ವಸತಿಯಲ್ಲಿ ಮಹಿಳಾ ಅಧಿಕಾರಿಗಳು ಸದಾ ಇದ್ದರು, ಆ ವಿಷಯದಲ್ಲಿ ನನಗೆ ಯಾವ ಆತಂಕವೂ ಉಳಿಯಲಿಲ್ಲ.

ಗುಂಡು ಹಾರಿಸುವ ಅಭ್ಯಾಸದ ಬಗ್ಗೆ ಮಕ್ಕಳಿಗೆ ಅಪಾರ ಕುತೂಹಲವಿರುತ್ತದೆ. ಪಾಯಿಂಟ್ 22 ರೈಫಲ್‌ನಿಂದ, ನೆಲದ ಮೇಲೆ ಮಲಗಿದ ಭಂಗಿಯಲ್ಲಿ, ಹತ್ತಿರದ ಗುರಿಗೆ ಹೊಡೆಸುತ್ತಾರೆ. ಕೈಗೆ ಸಿಗುವುದು ಕೆಲವೇ ಗುಂಡು. ಅದಕ್ಕೆ ಮುನ್ನ ಸುರಕ್ಷತೆಯ ಪಾಠ, ಬಿಚ್ಚಿ ಜೋಡಿಸುವ ಪಾಠ ಬಹಳ ಹೊತ್ತು ನಡೆಯುತ್ತದೆ. ಗುಂಡುಗಳು ಗುರಿಯ ಮಧ್ಯಕ್ಕೆ ಬಿದ್ದವೇ ಎಂಬುದಕ್ಕಿಂತ ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂಬುದನ್ನೇ ಮೊದಲು ನೋಡುತ್ತಾರೆ, ಅದಕ್ಕೆ ಗ್ರೂಪಿಂಗ್ ಎನ್ನುತ್ತಾರೆ. ಉಸಿರು ಹಿಡಿದು ನಿಧಾನವಾಗಿ ರೈಫಲ್‌ನ ಕುದುರೆ (ಟ್ರಿಗರ್) ಒತ್ತುವ ಮಕ್ಕಳೇ ಇಲ್ಲಿ ಮುಂದೆ ಬರುತ್ತಾರೆ, ಗಟ್ಟಿಮುಟ್ಟಾದವರೇ ಗೆಲ್ಲುತ್ತಾರೆ ಎಂದೇನಿಲ್ಲ.

ಖರ್ಚು ಕಡಿಮೆ. ಸಮವಸ್ತ್ರದ ಭತ್ಯೆ ಈಗ ಕೆಡೆಟ್‌ನ ಬ್ಯಾಂಕ್ ಖಾತೆಗೇ ಬರುತ್ತದೆ, ಹಾಗಾಗಿ ಮಗುವಿನ ಹೆಸರಿನಲ್ಲಿ ಖಾತೆ ತೆರೆದಿಟ್ಟುಕೊಳ್ಳಿರಿ. ಖಾಕಿ ಬಟ್ಟೆಯನ್ನು ಅಳತೆ ಕೊಟ್ಟು ಹೊಲಿಸುವುದೇ ಮೇಲು; ಸಿದ್ಧವಾಗಿ ಸಿಗುವುದು ಬೆಳೆಯುವ ಮಕ್ಕಳ ಮೈಗೆ ಸರಿಯಾಗಿ ಕೂರುವುದಿಲ್ಲ. ಬೆಲ್ಟಿನ ಹಿತ್ತಾಳೆ ಉಜ್ಜುವುದು, ಇಸ್ತ್ರಿಯ ಗೆರೆ ಕೂರಿಸುವುದು ಮಗುವೇ ಮಾಡಲಿ.

ಸರ್ಟಿಫಿಕೇಟಿನ ವಿಷಯದಲ್ಲಿ ಅತಿಯಾದ ನಿರೀಕ್ಷೆ ಬೇಡ. ಎನ್‌ಸಿಸಿ ಸ್ಪೆಷಲ್ ಎಂಟ್ರಿಯ ಮೂಲಕ ಸೈನ್ಯದ ಅಧಿಕಾರಿಯಾಗಲು ಬೇಕಾಗಿರುವುದು ‘ಸಿ’ ಸರ್ಟಿಫಿಕೇಟ್. ಅದು ಸಿಗುವುದು ಕಾಲೇಜು ಹಂತದ ಸೀನಿಯರ್ ವಿಭಾಗದ ಮೂರನೇ ವರ್ಷದಲ್ಲಿ, ‘ಬಿ’ ಸಿಗುವುದು ಎರಡನೇ ವರ್ಷದಲ್ಲಿ. ಪ್ರೌಢಶಾಲೆಯ ‘ಎ’ ಅದರ ಮೊದಲ ಮೆಟ್ಟಿಲು ಮಾತ್ರ. ಪರೀಕ್ಷೆಯಲ್ಲಿ ಪ್ರಾಯೋಗಿಕ ಮತ್ತು ಲಿಖಿತ ಎರಡೂ ಇರುತ್ತವೆ. ನಮಗೆ ದೊರೆತ ಓದುವ ಸಾಮಗ್ರಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿದ್ದುದರಿಂದ ಕನ್ನಡ ಮಾಧ್ಯಮದ ಮಕ್ಕಳು ಕಷ್ಟಪಟ್ಟರು. ಡ್ರಿಲ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಲಿಖಿತ ಪರೀಕ್ಷೆಗೆ ಹೆದರಿ ಅತ್ತಿದ್ದಳು ಎಂದು ಮಗಳು ಹೇಳಿದ್ದಳು. ಆರೋಗ್ಯ, ನೈರ್ಮಲ್ಯ, ವಿಪತ್ತು ನಿರ್ವಹಣೆಯಂಥ ಪಾಠಗಳನ್ನು ಸೊಗಸಾದ ಕನ್ನಡದಲ್ಲಿ ಮಕ್ಕಳ ಕೈಗೆ ಕೊಡಬೇಕು ಎಂದು ಸಂಬಂಧಪಟ್ಟವರನ್ನು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ ಪೋಷಕರೋ ಹಿರಿಯ ಕೆಡೆಟ್‌ಗಳೋ ಕೂತು ಓದಿಸಬೇಕಾಗುತ್ತದೆ.

ಮಗಳು ಈಗ ಪಿಯುಸಿಗೆ ಕಾಲೇಜು ಹುಡುಕುತ್ತಿದ್ದಾಳೆ. ಸೀನಿಯರ್ ವಿಂಗ್ ಇರುವ ಕಾಲೇಜುಗಳ ಪಟ್ಟಿಯನ್ನು ಅವಳೇ ಮಾಡಿದ್ದಾಳೆ, ಮತ್ತು ಪ್ರತಿಯೊಂದರಲ್ಲೂ ವಾರಕ್ಕೆ ಎಷ್ಟು ಪರೇಡ್ ನಡೆಯುತ್ತದೆ ಎಂದು ಅಲ್ಲಿನ ಕೆಡೆಟ್‌ಗಳನ್ನೇ ಕೇಳಿ ಪಕ್ಕದಲ್ಲಿ ಬರೆದುಕೊಂಡಿದ್ದಾಳೆ.