ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಿನವರ ಬೀರು ಸೇರುವ ಮೊದಲು ಇದನ್ನು ಓದಿ

ಮನೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳಿದ್ದಾರಾ? ಸಿಇಟಿಯಲ್ಲಿ ಒಳ್ಳೆ ಸೀಟು ಸಿಗುತ್ತೋ ಇಲ್ಲವೋ ಅಂತ ಹೆದರಿ, ಮೊದಲೇ ಯಾವುದಾದರೂ ಖಾಸಗಿ ಕಾಲೇಜಿನಲ್ಲಿ ಸೀಟು ಹಿಡಿದಿಡಲು ಹೊರಟಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಂಗಿಯ ಮಗಳಿಗೆ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು.

ಹುಡುಗಿ ಚಿತ್ರದುರ್ಗ ಜಿಲ್ಲೆಯವಳು. 2024ರಲ್ಲಿ ಪಿಯುಸಿ ಮುಗಿಸಿದಳು. ಅವಳ ರ‍್ಯಾಂಕಿಗೆ ಸರ್ಕಾರಿ ಕಾಲೇಜಿನಲ್ಲಿ ಬೇಕಾದ ಬ್ರಾಂಚ್ ಸಿಗೋದಿಲ್ಲ ಅಂತ ಕಂಡಕಂಡವರೆಲ್ಲ ಹೇಳಿದರು. ಸಿಇಟಿ ಸೀಟು ಹಂಚಿಕೆಗೆ ಕಾಯದೆ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಮಾಡಿಸಿದರು. ಮೊದಲ ವರ್ಷದ ಫೀಸು ಎರಡೂವರೆ ಲಕ್ಷ. ಅದು ಬ್ಯಾಂಕಿನ ಮೂಲಕ ಹೋಯಿತು, ರಸೀದಿಯೂ ಬಂತು. ಅದರ ಮೇಲೆ ‘ಬಿಲ್ಡಿಂಗ್ ಫಂಡ್’ ಅಂತ ಐವತ್ತು ಸಾವಿರ ನಗದು ತೆಗೆದುಕೊಂಡರು. ಅದಕ್ಕೆ ಒಂದು ಚೀಟಿಯೂ ಕೊಡಲಿಲ್ಲ.

ಅಡ್ಮಿಷನ್ ದಿನ ಕೌಂಟರಿನಲ್ಲಿ ಕೇಳಿದ್ದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ, ಸ್ಟಡಿ ಸರ್ಟಿಫಿಕೇಟ್, ಜಾತಿ ಆದಾಯ ಪ್ರಮಾಣಪತ್ರ. ಎಲ್ಲವೂ ಒರಿಜಿನಲ್. ಜೆರಾಕ್ಸ್ ಕೂಡ ತಗೊಂಡರು. ಒರಿಜಿನಲ್‌ಗಳನ್ನು ಒಂದು ಕಂದು ಕವರಿಗೆ ಹಾಕಿ, ಮೇಲೆ ಅರ್ಜಿ ನಂಬರ್ ಬರೆದು, ಹಿಂದಿದ್ದ ಬೀರುವಿನಲ್ಲಿ ಇಟ್ಟರು. ಆ ಬೀರುವಿನ ತುಂಬ ಅಂಥದ್ದೇ ಕವರುಗಳು. ‘ವೆರಿಫಿಕೇಶನ್ ಆದ ಮೇಲೆ ಕೊಡ್ತೀವಿ ಸರ್, ಎಲ್ಲರದ್ದೂ ಇಲ್ಲೇ ಇದೆ, ಭಯ ಬೇಡ’ ಅಂದರು. ತಗೊಂಡದ್ದಕ್ಕೆ ಏನಾದರೂ ಬರೆದುಕೊಡಿ ಅಂತ ತಂಗಿ ಕೇಳಿದ್ದಕ್ಕೆ ಅಂಥ ಪದ್ಧತಿ ಇಲ್ಲ ಅಂದರು. ಆಮೇಲೆ ಸಹಿಗೆ ಕೊಟ್ಟ ಕಾಗದದ ಕಂತೆಯಲ್ಲಿ ನೂರು ರೂಪಾಯಿಯ ಸ್ಟ್ಯಾಂಪ್ ಪೇಪರೂ ಒಂದಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ‘ಇದು ಫಾರ್ಮಾಲಿಟಿ’ ಅಂದರು.

ಸೆಪ್ಟೆಂಬರಿನಲ್ಲಿ, ಸಿಇಟಿಯ ಎರಡನೇ ಸುತ್ತಿನಲ್ಲಿ, ಅವಳಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ) ಫೀಸು ಕಟ್ಟಿ ಅಡ್ಮಿಷನ್ ಆರ್ಡರ್ ತೆಗೆದುಕೊಂಡರು. ಇನ್ನು ಕೊಟ್ಟ ತಾರೀಖಿನೊಳಗೆ ಒರಿಜಿನಲ್ಸ್ ಹಿಡಿದು ಹೊಸ ಕಾಲೇಜಿಗೆ ಹೋಗಿ ಸೇರಬೇಕು, ಅಷ್ಟೇ. ಕೈಯಲ್ಲಿದ್ದದ್ದು ಕೆಲವೇ ದಿನ.

ಖಾಸಗಿಯವರ ಹತ್ತಿರ ಹೋದರೆ ಅಡ್ಮಿಷನ್ ಅಧಿಕಾರಿ ಬಾಯಲ್ಲಿ ಮೊತ್ತವನ್ನೂ ಹೇಳಲಿಲ್ಲ. ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸಿದರು. 7,50,000. ಉಳಿದ ಮೂರು ವರ್ಷದ ಫೀಸು. ಅದನ್ನು ಕಟ್ಟಿದರೆ ಕವರ್ ಕೊಡುತ್ತಾರಂತೆ. ಕಟ್ಟಿದ ಎರಡೂವರೆ ಲಕ್ಷದ ಮಾತೇ ಇಲ್ಲ. ‘ಇದನ್ನು ಬರೆದು ಕೊಡಿ’ ಅಂದೆ. ‘ಬರೆದೆಲ್ಲ ಕೊಡೋದಿಲ್ಲ ಮೇಡಂ, ಇದು ಮ್ಯಾನೇಜ್‌ಮೆಂಟ್ ಡಿಸಿಷನ್’ ಅಂದರು. ಹುಡುಗಿ ನನ್ನ ಸೆರಗು ಹಿಡಿದು ‘ದೊಡ್ಡಮ್ಮ, ಬಿಟ್ಟುಬಿಡೋಣ, ಇಲ್ಲೇ ಓದ್ತೀನಿ’ ಅಂದಳು. ಅವರಿಗೆ ಬೇಕಾದದ್ದೂ ಅದೇ. ಏಳೂವರೆ ಲಕ್ಷ ಯಾರೂ ಕಟ್ಟೋದಿಲ್ಲ ಅಂತ ಅವರಿಗೂ ಗೊತ್ತು. ಕೆಇಎ ತಾರೀಖು ಮುಗಿಯುವ ತನಕ ಎಳೆದರೆ ಸಾಕು, ಮಕ್ಕಳು ತಾವಾಗಿಯೇ ವಾಪಸ್ ಬಂದು ಕೂರುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡಿ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಕೇಂದ್ರದ ಯುಜಿಸಿ 2018ರ ಅಕ್ಟೋಬರಿನಲ್ಲೇ ಇದಕ್ಕಾಗಿ ಅಧಿಸೂಚನೆ ಹೊರಡಿಸಿದೆ. ಸೇರುವಾಗ ಒರಿಜಿನಲ್ಸ್ ಅನ್ನು ವಿದ್ಯಾರ್ಥಿಯ ಎದುರೇ ಪರಿಶೀಲಿಸಿ, ಸ್ವಯಂ ದೃಢೀಕರಿಸಿದ ಪ್ರತಿ ಇಟ್ಟುಕೊಂಡು, ತಕ್ಷಣ ವಾಪಸ್ ಕೊಡಬೇಕು. ಯಾವ ನೆಪ ಹೇಳಿಯೂ ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷಕ್ಕಿಂತ ಹೆಚ್ಚಿನ ಫೀಸನ್ನು ಮುಂಗಡ ವಸೂಲಿ ಮಾಡುವಂತಿಲ್ಲ. ಸೀಟು ಬಿಟ್ಟರೆ ಎಷ್ಟು ವಾಪಸ್ ಬರಬೇಕು ಅನ್ನೋದಕ್ಕೂ ಲೆಕ್ಕ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಹಣ, ಅದರಲ್ಲಿ ಸಂಸ್ಕರಣಾ ಶುಲ್ಕ ಅಂತ ಶೇ. 5ರವರೆಗೆ ಹಿಡಿಯಬಹುದು, ಅದೂ 5,000 ರೂಪಾಯಿ ದಾಟದಂತೆ. ಆ 15 ದಿನದ ಒಳಗೆ ಶೇ. 90. ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ. 2024–25ನೇ ಸಾಲಿಗಂತೂ ಯುಜಿಸಿ ಇನ್ನೂ ಸಡಿಲ ಮಾಡಿತ್ತು. ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರೊಳಗೆ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಕಡಿತ. ನಮ್ಮ ಹುಡುಗಿ ಸೆಪ್ಟೆಂಬರ್ 30ಕ್ಕೆ ಮೊದಲೇ ಅರ್ಜಿ ಕೊಟ್ಟವಳು.

ಆ ಸ್ಟ್ಯಾಂಪ್ ಪೇಪರನ್ನು ಮುಂದಿಟ್ಟು ಹೆದರಿಸುತ್ತಾರೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ನಮ್ಮ ರಾಜ್ಯದಿಂದಲೇ ಹೋದ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ, ಒಂದು ವರ್ಷ ಅಥವಾ ಸೆಮಿಸ್ಟರಿನ ಫೀಸು ಮಾತ್ರ ತೆಗೆದುಕೊಳ್ಳಬೇಕು ಅಂದಿತು. ಯಾರಾದರೂ ವಿದ್ಯಾರ್ಥಿ ನಡುವೆ ಬಿಟ್ಟು ಹೋಗಬಹುದು ಅಂತ ಸಂಸ್ಥೆಗೆ ಅನಿಸಿದರೆ, ಉಳಿದ ಫೀಸಿಗೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಅಂತಲೂ ಹೇಳಿತು. ಕಾಲೇಜಿನವರು ಈ ಎರಡನೇ ಮಾತನ್ನು ಮಾತ್ರ ಹೇಳುತ್ತಾರೆ. ಆದರೆ ಬಾಂಡ್ ಇದ್ದರೆ ಅದರ ಮೇಲೆ ಕೋರ್ಟಿಗೆ ಹೋಗಲಿ, ವಾದ ಮಾಡಲಿ. ಮಗುವಿನ ಮಾರ್ಕ್ಸ್ ಕಾರ್ಡನ್ನು ಒತ್ತೆ ಇಟ್ಟುಕೊಳ್ಳಲು ಅದು ಪರವಾನಗಿ ಅಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಆ ಕಾಗದವನ್ನು ಓದಿ. ಇಂಗ್ಲಿಷ್ ಬರದಿದ್ದರೆ ಬರುವವರಿಂದ ಓದಿಸಿ. ‘ಪೂರ್ತಿ ಕೋರ್ಸಿನ ಫೀಸು’ ಅನ್ನೋ ಮಾತಿದ್ದರೆ ಅದನ್ನು ಹೊಡೆದುಹಾಕಿಸಿ, ಇಲ್ಲವೇ ಆ ಸೀಟೇ ಬೇಡ ಅನ್ನಿ.

ನಾನು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವಳು. ಇನ್‌ವರ್ಡ್ ಸೀಲಿಗೆ ಎಷ್ಟು ಬೆಲೆ ಅಂತ ನನಗೆ ಗೊತ್ತು. ಸೀಟು ಬಿಡುತ್ತಿದ್ದೇವೆ, ಒರಿಜಿನಲ್ಸ್ ಮತ್ತು ಹಣ ವಾಪಸ್ ಕೊಡಿ ಅಂತ ಒಂದು ಪುಟದ ಅರ್ಜಿ ಬರೆಸಿ, ರಸೀದಿ ನಂಬರ್ ಹಾಕಿ, ಕುಲಸಚಿವರ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟೆವು. ಸೀಲ್ ಹಾಕಲು ಒಪ್ಪಲಿಲ್ಲ. ಅದೇ ದಿನ ಅದೇ ಅರ್ಜಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು, ಇಮೇಲೂ ಮಾಡಿದೆವು. ಅದರಿಂದ ಅರ್ಜಿ ಕೊಟ್ಟ ತಾರೀಖು ನಮ್ಮ ಕೈಯಲ್ಲಿ ಉಳಿಯಿತು. ಹಣದ ಲೆಕ್ಕ ಪೂರ್ತಿ ನಿಂತಿರುವುದು ಆ ತಾರೀಖಿನ ಮೇಲೆ. ಬಾಯಿಮಾತಿನಲ್ಲಿ ‘ಸೀಟು ಬಿಡ್ತೀವಿ’ ಅಂತ ಹೇಳಿ ಬಂದರೆ ಏನೂ ಉಪಯೋಗ ಇಲ್ಲ. ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ದೂರು ಹಾಕಿದೆವು. 2023ರ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇರುತ್ತಾರೆ. ಅಲ್ಲಿಗೂ ಒಂದು ಪ್ರತಿ ಹೋಯಿತು.

ಇಷ್ಟೆಲ್ಲ ಸರಿ, ಆದರೆ ಸಮಿತಿಗೆ 15 ದಿನ ಬೇಕು, ಹಣ ವಾಪಸ್ ಮಾಡಲೂ ನಿಯಮದಲ್ಲಿ 15 ದಿನ ಇದೆ. ಕೆಇಎ ಅಷ್ಟು ದಿನ ಕಾಯೋದಿಲ್ಲ. ನಿಯಮ ನಿಮ್ಮ ಪರವಾಗಿಯೇ ಇದ್ದರೂ ತಡವಾಗಿ ಬರುತ್ತದೆ. ಈ ಬರಹದ ತಲೆಬರಹ ಅದಕ್ಕೇ ಹಾಗಿದೆ.

ಮಾರ್ಕ್ಸ್ ಕಾರ್ಡುಗಳು ಡಿಜಿಲಾಕರಿನಲ್ಲಿ ಸಿಗುತ್ತವೆ. ಜಾತಿ ಆದಾಯ ಪ್ರಮಾಣಪತ್ರವನ್ನು ಆರ್‌ಡಿ ನಂಬರ್ ಹಾಕಿ ನಾಡಕಚೇರಿ ವೆಬ್‌ಸೈಟಿನಿಂದ ಮತ್ತೆ ತೆಗೆಯಬಹುದು. ಸಿಕ್ಕಿಹಾಕಿಕೊಳ್ಳುವುದು ಟಿಸಿ. ಅವರು ಬಿಗಿ ಹಿಡಿಯುವುದೂ ಅದನ್ನೇ.

ನಮ್ಮ ಕೆಲಸ ಆದದ್ದು ಕೊನೆಗೆ ಕಾನೂನು ಸೇವಾ ಪ್ರಾಧಿಕಾರದಿಂದ. ಇದು ಬಹಳ ಜನರಿಗೆ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಅವರ ಕಚೇರಿ ಇರುತ್ತದೆ. ನಮಗೆ ಸಿಕ್ಕ ವಕೀಲೆ ಅರ್ಜಿ, ಪೋಸ್ಟಿನ ರಸೀದಿ, ಕೆಇಎ ಆರ್ಡರ್ ಮೂರನ್ನೂ ಓದಿ, ಸಂಜೆಯೊಳಗೆ ನೋಟಿಸ್ ಕಳಿಸಿದರು. ತಾರೀಖಿನೊಳಗೆ ಕೊಡದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕುತ್ತೇವೆ ಅಂತ ಅದರಲ್ಲಿತ್ತು. ಕೊನೆಯ ದಿನಕ್ಕೆ ಮುಂಚೆ ಫೋನ್ ಬಂತು. ಹೋಗಿ ಕವರ್ ತಗೊಂಡು ಬಂದೆವು. ಆ ಮಗು ಬಸ್ಸಿನಲ್ಲಿ ಅದನ್ನು ಎದೆಗೆ ಅವುಚಿಕೊಂಡೇ ಕೂತಿತ್ತು. ಎರಡೂವರೆ ಲಕ್ಷ ಬರಲು ಜನವರಿ ಆಯಿತು.

ಐವತ್ತು ಸಾವಿರ ಬರಲೇ ಇಲ್ಲ. ಕ್ಯಾಪಿಟೇಷನ್ ಶುಲ್ಕ, ಅಂದರೆ ನಿಗದಿತ ಫೀಸಿನ ಮೇಲೆ ಸೀಟಿಗಾಗಿ ವಸೂಲಿ ಮಾಡುವ ಹಣ, ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದಲೂ ಇದೆ. ಆದರೆ ರಸೀದಿಯೇ ಇಲ್ಲದ ಹಣವನ್ನು ಕೊಟ್ಟಿದ್ದೇವೆ ಅಂತ ತೋರಿಸುವುದು ಹೇಗೆ? ಫಂಡ್, ಡೊನೇಶನ್, ಡೆವಲಪ್‌ಮೆಂಟ್, ಹೆಸರು ಏನೇ ಇರಲಿ, ನಗದು ಕೇಳಿದರೆ ಎದ್ದು ಬನ್ನಿ.

ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ಅಂತ ಕೆಲವರು ಸಲಹೆ ಕೊಟ್ಟರು. ಆ ದಾರಿ ಗಟ್ಟಿ ಇಲ್ಲ. ಶಿಕ್ಷಣ ಮಾರಾಟದ ಸರಕಲ್ಲ, ಗ್ರಾಹಕ ವೇದಿಕೆಗಳು ಇಂಥ ದೂರು ತೆಗೆದುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಪಿ.ಟಿ. ಕೋಶಿ ಪ್ರಕರಣದಲ್ಲಿ ಹೇಳಿದೆ. ಹೊತ್ತು ಕಡಿಮೆ ಇದ್ದಾಗ ಸುಮ್ನೆ ಅಲ್ಲಿ ಸಮಯ ಕಳೆಯಬೇಡಿ.

ಚಿಕ್ಕ ಮಕ್ಕಳ ತಂದೆತಾಯಿಗೆ ಒಂದು ಮಾತು. ಫೀಸು ಬಾಕಿ ಇದೆ ಅಂತ ಟಿಸಿ ತಡೆಯುವ ಶಾಲೆಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಎಂಟನೇ ತರಗತಿಯವರೆಗೆ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಲು ಟಿಸಿ ಕೇಳಿದರೆ ಮುಖ್ಯೋಪಾಧ್ಯಾಯರು ತಕ್ಷಣ ಕೊಡಬೇಕು. ಟಿಸಿ ತಡವಾಯಿತು ಅಂತ ಆ ಹೊಸ ಶಾಲೆ ಸೇರಿಸಿಕೊಳ್ಳದೇ ಇರುವಂತಿಲ್ಲ.

ಈಗಾಗಲೇ ಒರಿಜಿನಲ್ಸ್ ಕೊಟ್ಟು ಕೂತಿರುವವರು ಸೀಟು ಬಿಡುವ ಯೋಚನೆ ಇಲ್ಲದಿದ್ದರೂ ಇಂದೇ ಒಂದು ಇಮೇಲ್ ಹಾಕಿ. ಯಾವ ಯಾವ ದಾಖಲೆ, ಯಾವ ದಿನ ಕೊಟ್ಟಿರಿ ಅಂತ ಒಂದೊಂದಾಗಿ ಬರೆಯಿರಿ, 2018ರ ಅಧಿಸೂಚನೆ ಹೆಸರಿಸಿ, ಪರಿಶೀಲನೆ ಮುಗಿದಿದೆ, ವಾಪಸ್ ಕೊಡಿ ಅಂತ ಕೇಳಿ. ಹಣ ವಾಪಸಿಗೆ ಈ ವರ್ಷ ಯಾವ ತಾರೀಖು ಇದೆ ಅನ್ನೋದನ್ನು ಯುಜಿಸಿ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ, ಕೌಂಟರಿನವರ ಮಾತು ಕೇಳಬೇಡಿ.