ವಾ-ರಾಕ್ ವೇಷಕ್ಕೆ ಹುಬ್ಬಳ್ಳಿ ಟೈಲರ್: ಹೊಲಿಗೆ ಪಾಸು, ತೋಳು ನಪಾಸು

ಎಲೆಕ್ಟ್ರಿಕ್ ಗಿಟಾರ್ ಜೊತೆ ಮೂರು ತಂತಿಯ ಶಮಿಸೆನ್, ಶಾಕುಹಾಚಿ ಕೊಳಲು, ತೈಕೊ ಡೋಲು, ಮೈಮೇಲೆ ಜಪಾನಿ ನಿಲುವಂಗಿ ಕಿಮೊನೊ. ಇದು ಜಪಾನಿನ ವಾ-ರಾಕ್ ಸಂಗೀತ. 2013ರಲ್ಲಿ ಶುರುವಾದ ವಾಗಕ್ಕಿ ಬ್ಯಾಂಡ್ ಇದರ ಪರಿಚಿತ ಮುಖ. ಆ ವೇಷ ಬೇಕಿರುವ ಕಾಲೇಜು ಬ್ಯಾಂಡಿಗೆ ದುರ್ಗದ ಬೈಲ್ ಹತ್ತಿರದ ಈ ಟೈಲರ್ ಅಂಗಡಿ ಸಾಕು, ಅಳತೆ ನೀವೇ ಬರೆದುಕೊಟ್ಟರೆ.

44 ಇಂಚು ಪನ್ನಾದ ಕಾಟನ್ ಒಬ್ಬರಿಗೆ ಸುಮಾರು 5 ಮೀಟರ್ ಬೇಕು. ಎಲ್ಲಾ ನೇರ ಪಟ್ಟಿಗಳೇ, ಹೀಗಾಗಿ ಹೊಲಿಗೆ ಚೊಕ್ಕ. ಬೆನ್ನಿನ ನಡುಗೆರೆ ಎಳ್ಳಷ್ಟೂ ಸೊಟ್ಟಗಿಲ್ಲ. ಸೊಂಟಪಟ್ಟಿ ಓಬಿಗೆ ಗುಳೇದಗುಡ್ಡದ ಖಣ ಹಾಕಿಸಿ, ಸ್ಟೇಜ್ ಲೈಟಿಗೆ ಮಿಂಚುತ್ತದೆ. ಗಂಡಸರದಕ್ಕೆ ಅಗಲ 10 ಸೆಂ.ಮೀ., ಉದ್ದ 4 ಮೀಟರ್. ಒಳಗೆ ತೆಳು ಬಕ್ರಂ ಇಲ್ಲದಿದ್ದರೆ ಎರಡನೇ ಹಾಡಿಗೇ ಮುದುಡಿ ಹಗ್ಗವಾಗುತ್ತದೆ.

ಎಡವಟ್ಟಾಗಿದ್ದು ತೋಳಿನಲ್ಲಿ. ಕುರ್ತಾದ ಕೈಯಂತೆ ಬಗಲಿಗೆ ಪೂರ್ತಿ ಕೂಡಿಸಿಬಿಟ್ಟಿದ್ದಾರೆ. ಹೆಂಗಸರ ಕಿಮೊನೊದಲ್ಲಿ ಬಗಲ ಕೆಳಗೆ ಹೊಲಿಗೆ ಬಿಟ್ಟಿರಬೇಕು. ಇಲ್ಲವಾದರೆ ಡ್ರಮ್ ಬಾರಿಸಲು ಕೈ ಎತ್ತಿದಾಗ ಇಡೀ ಅಂಗಿ ಮೇಲೇರುತ್ತದೆ. ಜೋಲುವ ತೋಳು ಗಿಟಾರ್ ತಂತಿಗೂ ತಾಗುತ್ತದೆ. ಬೆನ್ನ ಮೇಲೆ ಅಡ್ಡಹಾಯಿಸಿ ತೋಳು ಎತ್ತಿಕಟ್ಟುವ 'ತಸುಕಿ' ಲಾಡಿಯನ್ನು 2 ಮೀಟರ್ ಉದ್ದ ಹೊಲಿಸಿಕೊಳ್ಳಿ.

ಕಸೆಗಳನ್ನೂ ಬಲಮಗ್ಗುಲು ಮೇಲೆ ಬರುವಂತೆ ಹಚ್ಚಿದ್ದರು. ಎಡಮಗ್ಗುಲೇ ಮೇಲಿರಬೇಕು, ಉಲ್ಟಾ ಸುತ್ತುವುದು ಜಪಾನಿನಲ್ಲಿ ಹೆಣಕ್ಕೆ.